ಮೊದಲ ಅಧ್ಯಾಯದ ಹೆಣ್ಣು, ಮೂರನೇ ಅಧ್ಯಾಯದ ಕಾನೂನು

ಮದ್ರಾಸ್ ಹೈಕೋರ್ಟಿನ ಮಗ್ಗುಲಿಗಿರುವ ಹಳೆಯ ಕಾನೂನು ಕಾಲೇಜಿನ ಆವರಣದಲ್ಲಿ ಚೂಪು ಶಿಖರದ ಒಂದು ಗೋರಿ ಇದೆ. ಅದರಡಿ ಮಲಗಿರುವವರು ಇಬ್ಬರು. ಒಬ್ಬ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜೋಸೆಫ್ ಹಿನ್ಮರ್ಸ್, ಇನ್ನೊಬ್ಬ ಡೇವಿಡ್ ಯೇಲ್ ಎಂಬ ಎಳೆಯ ಹುಡುಗ. ಇವರಿಬ್ಬರಿಗೆ ರಕ್ತಸಂಬಂಧವಿಲ್ಲ. ಇಬ್ಬರನ್ನೂ ಒಂದೇ ಗೋರಿಗೆ ಸೇರಿಸಿದ್ದು ಕ್ಯಾಥರಿನ್ ಎಂಬ ಹೆಂಗಸಿನ ಬದುಕು. ಮೊದಲನೆಯವನಿಗೆ ಆಕೆ ಹೆಂಡತಿ, ಎರಡನೆಯವನಿಗೆ ತಾಯಿ.

ಕೂಗಳತೆಯ ದೂರದಲ್ಲೇ ಸೇಂಟ್ ಜಾರ್ಜ್ ಕೋಟೆ. ಅದರೊಳಗಿನ ಸೇಂಟ್ ಮೇರಿ ಚರ್ಚಿನ ಪ್ರತಿಷ್ಠೆಯಾದದ್ದು 1680ರ ಅಕ್ಟೋಬರ್ 28ರಂದು. ವಾರ ಕಳೆದು ನವೆಂಬರ್ 4ಕ್ಕೆ ಅಲ್ಲಿಯ ಮದುವೆ ದಫ್ತರದಲ್ಲಿ ಮೊದಲ ಜೋಡಿಯ ಹೆಸರು ದಾಖಲಾಯಿತು. ಗಂಡು ಎಲಿಹು ಯೇಲ್. ಹೆಣ್ಣು, ಅದೇ ವರ್ಷ ಗಂಡನನ್ನು ಕಳೆದುಕೊಂಡ ಕ್ಯಾಥರಿನ್ ಹಿನ್ಮರ್ಸ್. ಆಗ ಬಳಕೆಯಲ್ಲಿದ್ದದ್ದು 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಮದುವೆ ವಿಧಿ. ಅದರ ಪೀಠಿಕೆಯಲ್ಲಿ, ಮನುಷ್ಯ ಇನ್ನೂ ನಿಷ್ಪಾಪಿಯಾಗಿದ್ದ ಕಾಲದಲ್ಲೇ ದೇವರು ಮದುವೆಯನ್ನು ಏರ್ಪಡಿಸಿದನೆಂದು ಪಾದ್ರಿ ಸಾರುತ್ತಾನೆ. ಮುಂದಿನ ಪುಟದಲ್ಲಿ ವಚನ ಕೊಡುವ ಸರದಿ ಬಂದಾಗ ಮದುಮಗಳು ಮಾತ್ರ ಒಂದು ಮಾತು ಹೆಚ್ಚಿಗೆ ಹೇಳಬೇಕು: ಗಂಡನಿಗೆ ವಿಧೇಯಳಾಗಿರುತ್ತೇನೆ. ಮದುಮಗನ ಪಾಲಿಗೆ ಆ ಮಾತಿಲ್ಲ.

ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿನ ನಗದು, ಒಡವೆ, ಸರಕು ಎಲ್ಲವೂ ಗಂಡನ ಸ್ವತ್ತು. ಹಿನ್ಮರ್ಸ್ ಬಿಟ್ಟುಹೋದ ದುಡ್ಡು ಯೇಲನ ಖಾಸಗಿ ವ್ಯಾಪಾರಕ್ಕೆ ಬಂಡವಾಳವಾಯಿತು. 1687ರಲ್ಲಿ ಅವನು ಮದ್ರಾಸಿನ ಗವರ್ನರ್ ಆದ. ಅಮೆರಿಕದ ಒಂದು ಕಾಲೇಜಿಗೆ ಕೊಟ್ಟ ದೇಣಿಗೆಯಿಂದಾಗಿ 1718ರಲ್ಲಿ ಆ ಕಾಲೇಜಿಗೆ ಅವನ ಹೆಸರೇ ಅಂಟಿಕೊಂಡಿತು. ಕ್ಯಾಥರಿನ್ 1689ರಲ್ಲೇ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೊರಟುಹೋಗಿದ್ದಳು. ಯೇಲ್ ಇಲ್ಲೇ ಉಳಿದು ಹೀರೊನಿಮಾ ಡ ಪೈವಾ ಎಂಬಾಕೆಯೊಡನೆ ಸಂಸಾರ ಹೂಡಿದ. ಇಬ್ಬರೂ ಒಂದೇ ಶರೀರ ಎಂಬ ಮಾತಿನ ಮೇಲೆ ನಡೆದ ಮದುವೆಯ ಕತೆ ಇದು.

ಆ ಗೋರಿಯ ಪಕ್ಕದ ಪ್ಯಾರೀಸ್ ಕಾರ್ನರಿನಲ್ಲಿ ಬೈಬಲು ಮತ್ತು ಕಾನೂನು ಎದುರುಬದುರು ಮನೆಯವರು. 1788ರಲ್ಲಿ ಮದ್ರಾಸಿಗೆ ಬಂದ ವೇಲ್ಸ್ ಮೂಲದ ವರ್ತಕ ಥಾಮಸ್ ಪ್ಯಾರಿಯಿಂದ ಈ ಮೂಲೆಗೆ ಹೆಸರು ಬಂತು. ಮೂಲೆಯಲ್ಲಿ ಪ್ಯಾರಿ ಕಂಪನಿಯ ಡೇರ್ ಹೌಸ್. ರಸ್ತೆಯ ಒಂದು ಬದಿಗೆ 1892ರಲ್ಲಿ ತೆರೆದ ಹೈಕೋರ್ಟಿನ ಕೆಂಪು ಗುಮ್ಮಟಗಳು. ಇನ್ನೊಂದು ಬದಿಗೆ ಸ್ಕಾಟ್ಲೆಂಡಿನ ಮಿಷನರಿ ಜಾನ್ ಆಂಡರ್ಸನ್ ಹೆಸರಿನ ಚರ್ಚು. 1837ರಲ್ಲಿ ಆತ ಶುರುಮಾಡಿದ ಶಾಲೆಯೇ ಬೆಳೆದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜ್ ಆಯಿತು. 1937ರಲ್ಲಿ ತಾಂಬರಂಗೆ ಹೋಗುವ ತನಕ ಕಾಲೇಜು ಇಲ್ಲೇ ಕೋರ್ಟಿನ ಎದುರಿಗಿತ್ತು. ಪಕ್ಕದ ಆರ್ಮೇನಿಯನ್ ಬೀದಿಗೆ ಹೊಕ್ಕರೆ 1772ರ ಆರ್ಮೇನಿಯನ್ ಚರ್ಚು, ಅದೇ ಬೀದಿಯಲ್ಲಿ ಕ್ಯಾಥೋಲಿಕರ ಸೇಂಟ್ ಮೇರಿ ಸಹ-ಪ್ರಧಾನಾಲಯ. ನಡುವೆ ಬ್ರಾಡ್ವೇ ಬಸ್ಸುಗಳು, ಹಣ್ಣಿನ ಗಾಡಿಗಳು, ಅಫಿಡವಿಟ್ ಟೈಪ್ ಮಾಡುವ ಅಂಗಡಿಗಳು, ಕಪ್ಪು ಕೋಟು ತೋಳಿಗೆ ಹಾಕಿಕೊಂಡು ಓಡುವ ವಕೀಲರು.

ಕನ್ನಡಿಗರಿಗೂ ಈ ಮೂಲೆ ಪರಕೀಯವಲ್ಲ. ಬಳ್ಳಾರಿ 1953ರ ತನಕ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ತನಕ ಮದ್ರಾಸಿಗೆ ಸೇರಿದ್ದವು. ಮಂಗಳೂರಿನ ಕೋರ್ಟಿನಲ್ಲಿ ಸೋತವರ ಅಪೀಲು ಬಂದು ಬೀಳುತ್ತಿದ್ದದ್ದು ಇಲ್ಲಿಗೇ. ಕ್ರೈಸ್ತ ಗಂಡಹೆಂಡಿರ ವ್ಯಾಜ್ಯಗಳೂ ಅದರಲ್ಲಿ ಸೇರಿದ್ದವು. ಗಂಡು ಹೆಣ್ಣು ಒಂದೇ ಎಂಬ ಸೃಷ್ಟಿಕತೆಯ ಮಾತಿಗೆ ನೆಲದ ಮೇಲೆ ಏನು ಅರ್ಥ ಎಂಬುದು ಚರ್ಚಿನ ಉಪದೇಶಪೀಠಕ್ಕಿಂತ ಹೆಚ್ಚಾಗಿ ತೀರ್ಮಾನವಾದದ್ದು ಕೋರ್ಟಿನ ಈ ಕಾಗದಗಳಲ್ಲಿ.

ಆದಿಕಾಂಡದಲ್ಲಿ ಸೃಷ್ಟಿಯ ಕತೆ ಒಂದಲ್ಲ, ಎರಡು. ಮೊದಲ ಅಧ್ಯಾಯದಲ್ಲಿ ದೇವರು ಆರನೆಯ ದಿನ ಮನುಷ್ಯರನ್ನು ತನ್ನ ಹೋಲಿಕೆಯಲ್ಲಿ ಮಾಡುತ್ತಾನೆ, ಗಂಡನ್ನೂ ಹೆಣ್ಣನ್ನೂ ಒಟ್ಟಿಗೇ. ಇಬ್ಬರನ್ನೂ ಹರಸುತ್ತಾನೆ, ಭೂಮಿಯ ಉಸ್ತುವಾರಿಯನ್ನು ಇಬ್ಬರಿಗೂ ವಹಿಸುತ್ತಾನೆ. ಯಾರು ಮೊದಲು, ಯಾರು ಆಮೇಲೆ ಎಂಬ ಮಾತೇ ಅಲ್ಲಿಲ್ಲ. ಎರಡನೆಯ ಅಧ್ಯಾಯದ ಧಾಟಿ ಬೇರೆ. ಅದು ಅಜ್ಜಿಯ ಕತೆಯಂತೆ ನಿಧಾನವಾಗಿ ಸಾಗುತ್ತದೆ. ಮಣ್ಣಿನಿಂದ ಒಬ್ಬ ಮನುಷ್ಯ. ಅವನ ಒಂಟಿತನ ದೇವರಿಗೇ ಸರಿಕಾಣುವುದಿಲ್ಲ. ಪ್ರಾಣಿಪಕ್ಷಿಗಳನ್ನೆಲ್ಲ ಕರೆತಂದು ತೋರಿಸಿದರೂ ತಕ್ಕ ಜೊತೆ ಸಿಗುವುದಿಲ್ಲ. ಆಗ ಗಾಢನಿದ್ದೆ, ಪಕ್ಕೆಲುಬು, ಹೆಣ್ಣು. ಎಚ್ಚತ್ತವನು ಅವಳನ್ನು ಕಂಡು ತನ್ನದೇ ಮೂಳೆ, ತನ್ನದೇ ಮಾಂಸ ಎಂದು ಉದ್ಗರಿಸುತ್ತಾನೆ. ಗಂಡು ತಾಯ್ತಂದೆಯರನ್ನು ಬಿಟ್ಟು ಹೆಂಡತಿಯನ್ನು ಸೇರಿ ಇಬ್ಬರೂ ಒಂದು ಶರೀರವಾಗುವ ಮಾತು ಬರುವುದೂ ಅಲ್ಲೇ. ಹೆಣ್ಣು ತವರು ಬಿಟ್ಟು ಬರುವ ನಮ್ಮ ರೂಢಿಗೆ ಇದು ತದ್ವಿರುದ್ಧ. ಆದರೂ ಕ್ರೈಸ್ತ ಮನೆಗಳಲ್ಲೂ ಸೊಸೆಯೇ ಪೆಟ್ಟಿಗೆ ಕಟ್ಟಿದಳು ಎಂಬುದು ಬೇರೆ ಮಾತು.

ಗಂಡ ಹೆಂಡತಿಯನ್ನು ಆಳುವ ಮಾತು ಬರುವುದು ಮೂರನೆಯ ಅಧ್ಯಾಯದಲ್ಲಿ. ಹಣ್ಣು ತಿಂದದ್ದಾಗಿದೆ, ಅಂಜೂರದ ಎಲೆ ಸುತ್ತಿಕೊಂಡದ್ದಾಗಿದೆ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದ್ದೂ ಆಗಿದೆ. ಆಗ ದೇವರ ಬಾಯಿಂದ ಬರುವ ಫಲಗಳ ಪಟ್ಟಿಯಲ್ಲಿ ಹೆರಿಗೆಯ ನೋವು, ಮುಳ್ಳು ಬೆಳೆಯುವ ನೆಲ, ಹಣೆಯ ಬೆವರು, ಇವುಗಳ ಜೊತೆಗೆ ಗಂಡನ ಯಜಮಾನಿಕೆಯೂ ಒಂದು. ಅಂದರೆ ಅದು ಕೆಟ್ಟುಹೋದ ಲೋಕದ ವರ್ಣನೆ. ನೆಲದಲ್ಲಿ ಮುಳ್ಳು ಬೆಳೆಯುತ್ತದೆಂದು ಯಾವ ಕ್ರೈಸ್ತ ರೈತನೂ ಕಳೆ ಕೀಳುವುದನ್ನು ಬಿಟ್ಟವನಲ್ಲ. ಯಜಮಾನಿಕೆಯನ್ನು ಮಾತ್ರ ಶಾಸ್ತ್ರವೆಂದು ಕಾಪಾಡಿಕೊಂಡು ಬರಲಾಯಿತು. ಸಾವಿರಾರು ವರ್ಷಗಳ ವ್ಯಾಖ್ಯಾನದಲ್ಲಿ, ಆಮೇಲೆ ಕಾಯ್ದೆಯಲ್ಲಿ, ಮೂರನೆಯ ಅಧ್ಯಾಯವನ್ನು ಎತ್ತಿ ಮೊದಲನೆಯದರ ಜಾಗದಲ್ಲಿ ಇಟ್ಟರು.

ಪೌಲನ ಪತ್ರಗಳು ಈ ಗೊಂದಲವನ್ನು ಹೆಚ್ಚಿಸಿದವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎನ್ನುವ ಅವನು, ಕೊರಿಂಥದವರಿಗೆ ಬರೆಯುವಾಗ ಹೆಣ್ಣಿಗೆ ಗಂಡು ತಲೆ ಎನ್ನುತ್ತಾನೆ. ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲವೆಂಬ ಜೇಡರ ದಾಸಿಮಯ್ಯನ ವಚನ ಓದಿದ ಕನ್ನಡಿಗರಿಗೆ ಗಲಾತ್ಯದ ಪತ್ರ ಹತ್ತಿರದ್ದೆನಿಸಬಹುದು. ಚರ್ಚಿನ ಆಡಳಿತಕ್ಕೆ ಹಿಡಿಸಿದ್ದು ಕೊರಿಂಥದ ಪತ್ರ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್, ಹೆಣ್ಣನ್ನು ತಲೆಯಿಂದ ಮಾಡಲಿಲ್ಲ, ಏಕೆಂದರೆ ಅವಳು ಆಳುವಂತಿಲ್ಲ. ಕಾಲಿನಿಂದಲೂ ಮಾಡಲಿಲ್ಲ, ಏಕೆಂದರೆ ಅವಳು ದಾಸಿಯಲ್ಲ ಎಂದು ಪಕ್ಕೆಲುಬಿಗೆ ಅರ್ಥ ಹೇಳಿದ. ಕೇಳಲು ಸೊಗಸಾದ ಮಾತು. ಅರ್ಧ ಬಾಗಿಲು ತೆರೆದು ಅರ್ಧ ಮುಚ್ಚಿದ ಮಾತೂ ಹೌದು. 1765ರಲ್ಲಿ ಇಂಗ್ಲೆಂಡಿನ ಕಾನೂನು ಪಂಡಿತ ಬ್ಲ್ಯಾಕ್‌ಸ್ಟನ್ ಇದನ್ನು ಕೊನೆ ಮುಟ್ಟಿಸಿದ. ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬನೇ ವ್ಯಕ್ತಿ, ಮದುವೆಯಿರುವಷ್ಟು ಕಾಲ ಹೆಣ್ಣಿನ ಅಸ್ತಿತ್ವ ಗಂಡನದರಲ್ಲಿ ಅಡಗಿರುತ್ತದೆ ಎಂದು ಬರೆದ. ಐಕ್ಯವೇನೋ ಆಯಿತು, ಆ ಒಬ್ಬ ವ್ಯಕ್ತಿ ಗಂಡನೇ ಆದ.

ಈ ಲೆಕ್ಕಾಚಾರ ಕನ್ನಡ ನೆಲದಲ್ಲಿ ಬಿಗಿಯಾಗಿ ಸಿಕ್ಕಿಕೊಂಡದ್ದು ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದವರು. ಆದಾಮ ಹವ್ವರ ಕತೆ ಕನ್ನಡದಲ್ಲಿ ಅಚ್ಚಾಗಲು ಅಣಿಯಾಗುತ್ತಿದ್ದ ಆ ದಂಡಿನ ಊರಿನಲ್ಲೇ ಮ್ಯಾಥ್ಯೂ ಏಬ್ರಹಾಂ ಎಂಬ ತಮಿಳು ಮೂಲದ ಕ್ರೈಸ್ತ, ಷಾರ್ಲೆಟ್ ಫಾಕ್ಸ್ ಎಂಬ ಈಸ್ಟ್ ಇಂಡಿಯನ್ ಹೆಣ್ಣನ್ನು 1820ರಲ್ಲಿ ಮದುವೆಯಾದ. ಇಂದಿನ ಮಾತಿನಲ್ಲಿ ಆಕೆ ಆಂಗ್ಲೋ ಇಂಡಿಯನ್. ಮ್ಯಾಥ್ಯೂ ಪರೈಯರ್ ಜಾತಿಯ ಕ್ಯಾಥೋಲಿಕ್ ಮನೆತನದಲ್ಲಿ ಹುಟ್ಟಿ ಪ್ರಾಟೆಸ್ಟಂಟ್ ಆದವನು. ಅಂಗಡಿ, ಸಾರಾಯಿ ಗುತ್ತಿಗೆ, ಭಟ್ಟಿ ಎಂದು ವ್ಯಾಪಾರ ಕುದುರಿತು. ತಮ್ಮ ಫ್ರಾನ್ಸಿಸ್ ಜೊತೆಯಲ್ಲಿದ್ದು ವ್ಯವಹಾರ ನೋಡಿಕೊಂಡ. 1842ರಲ್ಲಿ ಮ್ಯಾಥ್ಯೂ ಉಯಿಲಿಲ್ಲದೆ ಸತ್ತ.

ಮುಂದೆ ಅತ್ತಿಗೆ ಮೈದುನರ ನಡುವೆ ಬಿರುಕು. ನಾವು ಮೂಲತಃ ಹಿಂದೂ ವಂಶಸ್ಥರು, ಅಣ್ಣತಮ್ಮಂದಿರು ಭಾಗವಾಗಿಲ್ಲ, ಆದ್ದರಿಂದ ಅವಿಭಕ್ತ ಕುಟುಂಬದ ನಿಯಮದಂತೆ ಆಸ್ತಿಯಲ್ಲಿ ನನಗೂ ಪಾಲು ಎಂದ ಫ್ರಾನ್ಸಿಸ್. ಇದು ಕ್ರೈಸ್ತ ಸಂಸಾರ, ಗಂಡನ ಆಸ್ತಿ ಹೆಂಡತಿ ಮಕ್ಕಳದ್ದು ಎಂದಳು ಷಾರ್ಲೆಟ್. ಕೋರ್ಟಿನಲ್ಲಿ ಸಾಕ್ಷಿಗಳನ್ನು ಕೇಳಿದ್ದು ಧರ್ಮಶಾಸ್ತ್ರವನ್ನಲ್ಲ. ಮನೆಯಲ್ಲಿ ಯಾವ ಉಡುಪು ತೊಡುತ್ತಿದ್ದರು, ಊಟಕ್ಕೆ ಹೇಗೆ ಕೂರುತ್ತಿದ್ದರು, ಯಾರೊಡನೆ ಒಡನಾಟ ಇಟ್ಟುಕೊಂಡಿದ್ದರು ಎಂಬುದೆಲ್ಲ ದಾಖಲೆಗೆ ಹೋಯಿತು. ಬಳ್ಳಾರಿಯಿಂದ ಮದ್ರಾಸಿನ ಸದರ್ ಅದಾಲತ್, ಅಲ್ಲಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್. 1863ರಲ್ಲಿ ತೀರ್ಪು ಬಂತು. ಕ್ರೈಸ್ತನಾದವನಿಗೆ ಹಿಂದೂ ಕಾನೂನು ತಾನಾಗಿ ಅನ್ವಯಿಸುವುದಿಲ್ಲ, ಹಳೆಯ ನಿಯಮವನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅವನು ನಡೆದುಕೊಂಡ ರೀತಿಯಿಂದ ತಿಳಿಯಬೇಕು, ಈ ಕುಟುಂಬ ಬಾಳಿದ್ದು ಈಸ್ಟ್ ಇಂಡಿಯನ್ನರ ರೀತಿಯಲ್ಲಿ. ಹಾಗಾಗಿ ಅವಿಭಕ್ತ ಕುಟುಂಬದವನೆಂಬ ಫ್ರಾನ್ಸಿಸನ ವಾದ ನಿಲ್ಲಲಿಲ್ಲ. ವ್ಯಾಪಾರದಲ್ಲಿ ಅವನ ಪಾಲೆಷ್ಟೆಂಬುದು ಬೇರೆ ಲೆಕ್ಕ. ಏಬ್ರಹಾಂ ವಿರುದ್ಧ ಏಬ್ರಹಾಂ ಎಂಬ ಹೆಸರಿನ ಈ ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಮತಾಂತರದ ಅಧ್ಯಾಯದಲ್ಲಿ ಓದುತ್ತಾರೆ. ಒಬ್ಬ ವಿಧವೆ ತನ್ನ ಸಂಸಾರವೆಂದರೆ ತಾನೂ ಗಂಡನೂ ಮಕ್ಕಳೂ ಎಂದು ಹಟ ಹಿಡಿದು ಗೆದ್ದ ಕತೆಯೆಂದೂ ಅದನ್ನು ಓದಬಹುದು. ತಾಯ್ತಂದೆಯರನ್ನು ಬಿಟ್ಟು ಹೆಂಡತಿಯನ್ನು ಸೇರುವ ಎರಡನೆಯ ಅಧ್ಯಾಯದ ಗಂಡು, ಅಣ್ಣತಮ್ಮಂದಿರ ಕೂಡುಕುಟುಂಬಕ್ಕೆ ಎದುರಾಗಿ ನಿಂತ ಗಳಿಗೆ ಅದು.

ಎರಡೇ ವರ್ಷಕ್ಕೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಬಂತು. 1865ರ ಆ ಕಾಯ್ದೆಯ ನಾಲ್ಕನೆಯ ಕಲಮು ಕಾಲಕ್ಕಿಂತ ಮುಂದಿತ್ತು. ಮದುವೆಯಾದ ಮಾತ್ರಕ್ಕೆ ಗಂಡನಿಗಾಗಲಿ ಹೆಂಡತಿಗಾಗಲಿ ಇನ್ನೊಬ್ಬರ ಆಸ್ತಿಯ ಮೇಲೆ ಹಕ್ಕು ಹುಟ್ಟುವುದಿಲ್ಲ, ತನ್ನ ಆಸ್ತಿಯ ವ್ಯವಹಾರ ಮಾಡುವ ಅಧಿಕಾರವೂ ಹೋಗುವುದಿಲ್ಲ ಎಂದಿತು. ಕ್ಯಾಥರಿನ್ ಹಿನ್ಮರ್ಸ್‌ಳ ಕೈಬಿಟ್ಟಿದ್ದ ಹಕ್ಕು ಇದು. ಇಂಗ್ಲೆಂಡಿನ ಹೆಂಡಂದಿರಿಗೆ ಇದು ಪೂರ್ಣವಾಗಿ ದಕ್ಕಲು 1882 ಆಗಬೇಕಾಯಿತು. ಉಯಿಲಿಲ್ಲದೆ ಸತ್ತವನಿಗೆ ಮಕ್ಕಳಿದ್ದರೆ ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದರಲ್ಲಿ ಮಗಳಿಗೂ ಮಗನಿಗೂ ಸಮ. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನದನ್ನು ಯಾರು ಕೇಳಿಯಾರು? ಆದರೆ 1868ರಲ್ಲಿ ಕೊಡಗಿನ ದೇಶೀಯ ಕ್ರೈಸ್ತರಿಗೆ ಇದರಿಂದ ವಿನಾಯಿತಿ ಕೊಡಲಾಯಿತು. ತಿರುವಾಂಕೂರಿನ ಸಿರಿಯನ್ ಕ್ರೈಸ್ತರದ್ದು ತಮ್ಮದೇ ಕಾಯ್ದೆ. ಅದರಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಕೋಟ್ಟಯಂನಲ್ಲಿ ಶಾಲೆ ಕಟ್ಟಿದ ಮೇರಿ ರಾಯ್ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದು 1986ರಲ್ಲಿ ಗೆದ್ದರು. ಗೆದ್ದ ಮೇಲೆ ಕೇರಳದ ಕೆಲವು ಚರ್ಚುಗಳಲ್ಲಿ ಪಾದ್ರಿಗಳು, ಆಸ್ತಿ ಗಂಡುಮಕ್ಕಳಿಗೇ ಉಳಿಯುವಂತೆ ಉಯಿಲು ಬರೆದಿಡಿ ಎಂದು ಭಕ್ತರಿಗೆ ಬುದ್ಧಿ ಹೇಳಿದರು. ಉಪದೇಶಕ್ಕೆ ಅವರು ಆದಿಕಾಂಡದ ಯಾವ ಅಧ್ಯಾಯವನ್ನು ಆರಿಸಿಕೊಂಡಿದ್ದಾರು!

ಆಸ್ತಿಯಲ್ಲಿ ಕೊಟ್ಟದ್ದನ್ನು ದಾಂಪತ್ಯದಲ್ಲಿ ಕಿತ್ತುಕೊಂಡದ್ದು 1869ರ ಭಾರತೀಯ ವಿಚ್ಛೇದನ ಕಾಯ್ದೆ. ಇದು ಕ್ರೈಸ್ತರಿಗಾಗಿ ಮಾಡಿದ್ದು. ಇಂಗ್ಲೆಂಡಿನ 1857ರ ಕಾಯ್ದೆಯ ಪಡಿಯಚ್ಚು. ಹೆಂಡತಿ ಪರಪುರುಷನೊಡನೆ ಹೋದಳೆಂದು ರುಜುವಾತು ಮಾಡಿದರೆ ಸಾಕು, ಗಂಡನಿಗೆ ಬಿಡುಗಡೆ. ಹೆಂಡತಿಗೆ ಗಂಡನ ವ್ಯಭಿಚಾರವೊಂದೇ ಸಾಲದು. ಅದರ ಜೊತೆಗೆ ಕ್ರೌರ್ಯವೋ ಎರಡು ವರ್ಷದ ಪರಿತ್ಯಾಗವೋ ಇರಬೇಕು, ಇಲ್ಲವೇ ಅದು ನಿಷಿದ್ಧ ಸಂಬಂಧದೊಳಗಿನ ವ್ಯಭಿಚಾರವಾಗಿರಬೇಕು. ಹೊಡೆತ ಒಂದೇ ಆದರೂ ಸಾಲದು, ವಂಚನೆ ಒಂದೇ ಆದರೂ ಸಾಲದು, ಎರಡೂ ಕೂಡಿ ಬರಬೇಕು. ಹೆಂಡತಿಯೊಡನೆ ಸಂಬಂಧ ಬೆಳೆಸಿದ ಗಂಡಸಿನಿಂದ ಗಂಡ ನಷ್ಟಪರಿಹಾರ ವಸೂಲಿ ಮಾಡಬಹುದೆಂದು 34ನೆಯ ಕಲಮು ಹೇಳುತ್ತಿತ್ತು. ಬೇಲಿ ಹಾರಿದ ದನದ ಒಡೆಯನಿಂದ ಬೆಳೆನಷ್ಟ ಕೇಳುವ ಹಾಗೆ. ಮೊಕದ್ದಮೆ ನಡೆಯುವಾಗ ಹೆಂಡತಿಗೆ ಸಿಗುವ ಜೀವನಾಂಶ ಗಂಡನ ವರಮಾನದ ಐದರಲ್ಲೊಂದು ಭಾಗವನ್ನು ಮೀರುವಂತಿರಲಿಲ್ಲ.

ಇಷ್ಟೆಲ್ಲ ದಾಟಿ ಜಿಲ್ಲಾ ನ್ಯಾಯಾಧೀಶರಿಂದ ಡಿಕ್ರಿ ಪಡೆದರೂ ಅದು ಮುಗಿದ ಮಾತಲ್ಲ. 17ನೆಯ ಕಲಮಿನ ಪ್ರಕಾರ ಅದನ್ನು ಹೈಕೋರ್ಟ್ ಖಾಯಂ ಮಾಡಬೇಕು, ಮೂವರು ನ್ಯಾಯಮೂರ್ತಿಗಳು ಕೂತು, ಅದೂ ಕನಿಷ್ಠ ಆರು ತಿಂಗಳು ಕಳೆದ ಮೇಲೆ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದಷ್ಟು ಕಾಲ ಮಂಗಳೂರಿನ ಕ್ರೈಸ್ತ ಹೆಣ್ಣಿನ ಡಿಕ್ರಿ ಘಟ್ಟ ಹತ್ತಿ, ತಮಿಳು ಬಯಲು ದಾಟಿ ಈ ಪ್ಯಾರೀಸ್ ಕಾರ್ನರಿಗೆ ಬರಬೇಕಿತ್ತು. ಗಲ್ಲುಶಿಕ್ಷೆಯನ್ನು ಖಾಯಂ ಮಾಡಲೂ ಇಬ್ಬರು ನ್ಯಾಯಮೂರ್ತಿಗಳು ಸಾಕು. ಒಂದು ಮದುವೆ ಬಿಡಿಸಲು ಮೂವರು.

ಕರಾವಳಿಯಲ್ಲಿ ಇದು ಇನ್ನೂ ವಿಚಿತ್ರವಾಗಿ ಕಂಡಿರಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ದೀಕ್ಷೆ ಪಡೆದವರಲ್ಲಿ ಬಿಲ್ಲವರು ಬಹಳ. ಅವರದು ಅಳಿಯಸಂತಾನ, ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಒಲ್ಲದ ದಾಂಪತ್ಯದಿಂದ ಹೊರಬರುವುದೂ ಕಷ್ಟವಿರಲಿಲ್ಲ. ಮದ್ರಾಸ್ ಹೈಕೋರ್ಟು 1883ರ ಒಂದು ತೀರ್ಪಿನಲ್ಲಿ, ಅಳಿಯಸಂತಾನದ ಗಂಡುಹೆಣ್ಣಿನ ಸಂಬಂಧ ದಂಡಸಂಹಿತೆಯ ಅರ್ಥದಲ್ಲಿ ಮದುವೆಯೇ ಅಲ್ಲ, ಹಾಗಾಗಿ ಅಲ್ಲಿ ವ್ಯಭಿಚಾರದ ಅಪರಾಧವೂ ಇಲ್ಲ ಎಂದಿತು. ಅದೇ ಮನೆಯ ಮಗಳು ದೀಕ್ಷೆ ಪಡೆದು ಚರ್ಚಿನಲ್ಲಿ ಮದುವೆಯಾದರೆ ಅವಳದು ಪವಿತ್ರ ಬಂಧನ. ದೇವರು ಕೂಡಿಸಿದ್ದು. ಆ ಪಾವಿತ್ರ್ಯದ ಜೊತೆಗೆ 1869ರ ಕಾಯ್ದೆಯೂ ಅವಳ ಪಾಲಿಗೆ ಬಂತು. ಓದು, ನೇಯ್ಗೆ, ನರ್ಸಿನ ಕೆಲಸ, ಸಂಬಳ, ಇವನ್ನೆಲ್ಲ ಮಿಷನ್ ಹೆಣ್ಣುಮಕ್ಕಳಿಗೆ ಕೊಟ್ಟಿತೆಂಬುದನ್ನು ಮರೆಯುವ ಹಾಗಿಲ್ಲ. ತಾಯಮನೆಯ ಆಸರೆ ಕಳೆದುಕೊಂಡದ್ದನ್ನೂ ಅದೇ ಪುಟದಲ್ಲಿ ಬರೆದಿಡಬೇಕು.

ಇಂಗ್ಲೆಂಡ್ 1923ರಲ್ಲಿ ತನ್ನ ಕಾಯ್ದೆಯನ್ನು ತಿದ್ದಿ ಗಂಡಹೆಂಡಿರಿಗೆ ಒಂದೇ ಅಳತೆ ಮಾಡಿತು. ಪಡಿಯಚ್ಚು ಮಾತ್ರ ಭಾರತದಲ್ಲಿ ಹಾಗೇ ಉಳಿಯಿತು. ಕಾನೂನು ಆಯೋಗ 1960ರಲ್ಲೂ 1983ರಲ್ಲೂ ಬದಲಿಸಿ ಎಂದಿತು. 1985ರಲ್ಲಿ ವಿದೇಶಾಂಗ ಸೇವೆಯ ಅಧಿಕಾರಿಣಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಸಂಸತ್ತಿನ ಕಡೆ ಬೊಟ್ಟು ಮಾಡಿದರು. ಯಾರೂ ಮುಟ್ಟಲಿಲ್ಲ. ಚರ್ಚಿಗೆ ನೋವಾದೀತು ಎಂಬುದು ಸರ್ಕಾರಗಳ ಸಬೂಬು. ಕೊನೆಗೆ 1995ರಲ್ಲಿ ಕೇರಳ ಹೈಕೋರ್ಟಿನ ಪೂರ್ಣಪೀಠ, ಇಬ್ಬರು ಹೆಣ್ಣುಮಕ್ಕಳ ಅರ್ಜಿಯ ಮೇಲೆ, ವ್ಯಭಿಚಾರದ ಜೊತೆಗೆ ಎಂಬ ಷರತ್ತನ್ನೇ ಕತ್ತರಿಸಿ ಹಾಕಿತು. ಬಾಂಬೆ ಹೈಕೋರ್ಟ್ 1997ರಲ್ಲಿ ಹಿಂಬಾಲಿಸಿತು. ಜ್ಯೋತ್ಸ್ನಾ ಚಟರ್ಜಿಯವರ ಜಾಯಿಂಟ್ ವಿಮೆನ್ಸ್ ಪ್ರೋಗ್ರಾಂನಂಥ ಸಂಘಟನೆಗಳು ಚರ್ಚುಗಳ ಜೊತೆಯಲ್ಲೇ ಕೂತು ಹೊಸ ಕರಡು ತಯಾರಿಸಿದ್ದವು. ಅಂದರೆ ಚರ್ಚಿಗೆ ನೋವಾಗುವ ಕಾಲ ಎಂದೋ ಕಳೆದಿತ್ತು. 2001ರ ತಿದ್ದುಪಡಿಯಲ್ಲಿ ಇಬ್ಬರಿಗೂ ಒಂದೇ ಬಗೆಯ ಕಾರಣಗಳು ಬಂದವು. ಮೂವರ ಪೀಠ ಹೋಯಿತು, ಬೆಳೆನಷ್ಟದ ಕಲಮು ಹೋಯಿತು, ಐದರಲ್ಲೊಂದರ ಮಿತಿಯೂ ಹೋಯಿತು. ಆ ವರ್ಷದ ಅಕ್ಟೋಬರ್ 3ರಿಂದ ಅದು ಜಾರಿಗೆ ಬಂತು. ಇಂಗ್ಲೆಂಡಿಗಿಂತ 78 ವರ್ಷ ತಡವಾಗಿ.

ಸೃಷ್ಟಿಕತೆಯನ್ನು ಹೆಣ್ಣು ತಾನೇ ಓದಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕಾರ್ಕಳದ ಬಳಿಯ ಮಾಳದ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಪಂಡಿತರ ಸಿಟ್ಟಿಗೆ ಗುರಿಯಾದವರು. ಅವರು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಅಲ್ಲಿ 1858ರಲ್ಲಿ ಹುಟ್ಟಿದವರೇ ಪಂಡಿತಾ ರಮಾಬಾಯಿ. 1874ರ ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದ ಮೇಲೆ ಅಲ್ಲಿನ ಆಂಗ್ಲಿಕನ್ ಸಿಸ್ಟರ್‌ಗಳ ಜೊತೆ ಅವರ ಪತ್ರಜಗಳ ಶುರುವಾಯಿತು. ಗಂಡುಹುಡುಗರಿಗೆ ಪಾಠ ಹೇಳುವ ಅವಕಾಶ ಬಂದಾಗ ಭಾರತದಲ್ಲಿದ್ದ ಬಿಷಪ್‌ಗಳು ಆಕ್ಷೇಪಿಸಿದರು. ಪುರೋಹಿತರ ನೊಗ ಕಳಚಿ ಬಂದವಳು ಇನ್ನೊಂದು ನೊಗಕ್ಕೆ ಕೊರಳು ಕೊಡುವವಳಲ್ಲ ಎಂಬುದು ರಮಾಬಾಯಿಯವರ ನಿಲುವಾಗಿತ್ತು. ಮುಂದೆ ಪುಣೆ ಬಳಿಯ ಕೇಡಗಾಂವ್‌ನಲ್ಲಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮೂಲದಿಂದ ಮರಾಠಿಗೆ ತಂದರು. ಅಚ್ಚುಮೊಳೆ ಜೋಡಿಸಿದವರೂ ಮುದ್ರಿಸಿದವರೂ ಅವರ ಆಶ್ರಮದ ಹೆಣ್ಣುಮಕ್ಕಳೇ. 1922ರಲ್ಲಿ ಅವರು ತೀರಿಕೊಂಡರು. ಇಡೀ ಬೈಬಲ್ ಹೊರಬಂದದ್ದು 1924ರಲ್ಲಿ.

ವಿದ್ವತ್ ಲೋಕಕ್ಕೆ ಈ ಓದು ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಅಮೆರಿಕದ ಫಿಲ್ಲಿಸ್ ಟ್ರಿಬಲ್ 1970ರ ದಶಕದಲ್ಲಿ, ಗಂಡಿನ ಯಜಮಾನಿಕೆ ಸೃಷ್ಟಿಯ ಉದ್ದೇಶವಲ್ಲ, ಪತನದ ಪರಿಣಾಮ ಎಂದು ಆದಿಕಾಂಡದ ಪಠ್ಯವನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದರು. ಪೋಪ್ ಎರಡನೆಯ ಜಾನ್ ಪಾಲ್ 1979ರ ಸೆಪ್ಟೆಂಬರಿನಿಂದ ಬುಧವಾರದ ಸಭೆಗಳಲ್ಲಿ ತಿಂಗಳುಗಟ್ಟಲೆ ಆದಿಕಾಂಡದ ಮೊದಲ ಅಧ್ಯಾಯಗಳನ್ನೇ ವಿವರಿಸಿದರು. 1988ರ ಪತ್ರದಲ್ಲಿ, ಎಫೆಸದವರಿಗೆ ಬರೆದ ಪತ್ರದ ಅಧೀನತೆಯೆಂದರೆ ಗಂಡಹೆಂಡಿರಿಬ್ಬರೂ ಒಬ್ಬರಿಗೊಬ್ಬರು ಅಧೀನರಾಗುವುದು ಎಂದು ಸ್ಪಷ್ಟಪಡಿಸಿದರು. ಅದೇ ಪೋಪ್ ಹೆಣ್ಣು ಪಾದ್ರಿಯಾಗಲಾರಳು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದರು. ದಕ್ಷಿಣ ಭಾರತ ಸಭೆಯ ದಾರಿ ಬೇರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಹುಟ್ಟಿದ ಈ ಸಭೆಗೇ ಪ್ಯಾರೀಸ್ ಕಾರ್ನರಿನ ಆಂಡರ್ಸನ್ ಚರ್ಚೂ ಸೇರಿದೆ. ಅದು ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಟ್ಟಿತು, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು.

ಈ ಚರ್ಚೆ ಈಗ ಬಂದು ನಿಂತಿರುವುದು ಎರಡು ಕಚೇರಿಗಳ ನಡುವೆ. ಕ್ಯಾಥೋಲಿಕ್ ನಂಬಿಕೆಯಲ್ಲಿ ಸರಿಯಾಗಿ ಆದ ಮದುವೆಯನ್ನು ಬಿಡಿಸುವ ಅಧಿಕಾರ ಯಾರಿಗೂ ಇಲ್ಲ. ಮೊದಲಿಗೇ ಅದು ಮದುವೆಯಾಗಿರಲಿಲ್ಲ ಎಂದು ಧರ್ಮಪ್ರಾಂತದ ನ್ಯಾಯಮಂಡಳಿ ಘೋಷಿಸಬಹುದು, ಅಷ್ಟೆ. ಒಪ್ಪಿಗೆ ಒತ್ತಾಯದಿಂದ ಬಂದಿತ್ತೇ, ಮೋಸವಿತ್ತೇ, ಮದುವೆಯ ಹೊಣೆ ಹೊರುವ ಮನಸ್ಥಿತಿ ಇತ್ತೇ ಎಂದು ಅಲ್ಲಿ ವಿಚಾರಿಸುತ್ತಾರೆ. ಈ ಘೋಷಣೆಗೆ ಸಿವಿಲ್ ಕೋರ್ಟಿನಲ್ಲಿ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಸುಮ್ಮನಾಗಲಿಲ್ಲ. ಚರ್ಚಿನ ಕಾನೂನೇ ಕ್ಯಾಥೋಲಿಕರ ವೈಯಕ್ತಿಕ ಕಾನೂನು, ಮಂಡಳಿಯ ತೀರ್ಪನ್ನು ಸರ್ಕಾರ ಮಾನ್ಯ ಮಾಡಬೇಕು ಎಂದು ಸುಪ್ರೀಂ ಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಚರ್ಚಿನ ಕಾಗದವನ್ನೇ ನಂಬಿ ಮರುಮದುವೆಯಾದವರ ಮೇಲೆ ದ್ವಿಪತ್ನಿತ್ವದ ಕೇಸು ಬೀಳುವ ಭಯ ಅವರ ವಾದದ ಹಿಂದಿತ್ತು. ಆ ಭಯ ನಿಜವಾದದ್ದೇ. ಆದರೆ ಅರ್ಜಿ ಗೆದ್ದಿದ್ದರೆ, ಜೀವನಾಂಶವನ್ನು ಕೇಳುವ ಹೆಂಡತಿ ಯಾವ ಮೇಜಿನ ಮುಂದೆ ನಿಲ್ಲಬೇಕಿತ್ತು ಎಂಬುದಕ್ಕೆ ಅಲ್ಲಿ ಸರಿಯಾದ ಉತ್ತರವಿರಲಿಲ್ಲ.

ಕೋರ್ಟಿನ ಕಡೆಯೂ ಎಲ್ಲ ಸಮವಾಗಿದೆ ಎನ್ನುವಂತಿಲ್ಲ. ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ದಂಪತಿ ಒಂದು ವರ್ಷ ಬೇರೆಯಿದ್ದರೆ ಸಾಕು. 2001ರಲ್ಲಿ ಸೇರಿಸಿದ 10ಎ ಕಲಮು ಕ್ರೈಸ್ತರಿಗೆ ಎರಡು ವರ್ಷ ಎಂದಿತು. 2010ರಲ್ಲಿ ಕೇರಳ ಹೈಕೋರ್ಟ್ ಇದನ್ನು ಒಂದು ವರ್ಷವೆಂದೇ ಓದಿಕೊಳ್ಳಬೇಕು ಎಂದಿತು, ಆಮೇಲೆ ಕರ್ನಾಟಕ ಹೈಕೋರ್ಟೂ ಅದೇ ದಾರಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್ ಆ ಒಂದು ವರ್ಷವೂ ಬೇಡವೆಂದಿತು.

ಹಾಗಾಗಿ ಇಂದು ಮುರಿದ ಮದುವೆಯ ಕ್ಯಾಥೋಲಿಕ್ ದಂಪತಿ ಎರಡು ಫೈಲು ಹಿಡಿದು ಓಡಾಡುತ್ತಾರೆ, ಒಂದು ಬಿಷಪ್ ಹೌಸಿನ ನ್ಯಾಯಮಂಡಳಿಗೆ, ಇನ್ನೊಂದು ಕುಟುಂಬ ನ್ಯಾಯಾಲಯಕ್ಕೆ. ಮೊದಲನೆಯ ಕಡೆ ತೂಗುವುದು ಮದುವೆಯ ದಿನದ ಮನಸ್ಸನ್ನು, ಎರಡನೆಯ ಕಡೆ ಆನಂತರದ ವರ್ಷಗಳನ್ನು. 1983ರಲ್ಲಿ ಪರಿಷ್ಕರಿಸಿದ ಚರ್ಚಿನ ಕಾನೂನು ಸಂಹಿತೆಯ 1135ನೆಯ ನಿಯಮ, ದಾಂಪತ್ಯದಲ್ಲಿ ಇಬ್ಬರಿಗೂ ಸಮಾನ ಹಕ್ಕು, ಸಮಾನ ಕರ್ತವ್ಯ ಎನ್ನುತ್ತದೆ. ಮಂಡಳಿಯ ಪೀಠದಲ್ಲಿ ಸಾಮಾನ್ಯವಾಗಿ ಮೂವರು ಕೂರುತ್ತಾರೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಮಾಡಿದ ತಿದ್ದುಪಡಿಯ ನಂತರ ಅವರಲ್ಲಿ ಇಬ್ಬರು ಪಾದ್ರಿಗಳಲ್ಲದವರಾಗಿರಬಹುದು, ಹೆಂಗಸರೂ ಆಗಿರಬಹುದು. ಅಧ್ಯಕ್ಷರ ಕುರ್ಚಿಯಲ್ಲಿ ಮಾತ್ರ ಪಾದ್ರಿಯೇ ಇರಬೇಕು.